ಆಯ್ದ ಅಕ್ಕಿ, ಮರಳಿ ಸುರಿದ ಅಕ್ಕಿ: ಕರಾವಳಿಯ ಕಾಯಕದಲ್ಲಿ ಮಿಗತೆಯ ವಿವೇಕ



12ನೆಯ ಶತಮಾನದ ಕಲ್ಯಾಣದ ಚರಿತ್ರೆಯಲ್ಲಿ ಅರಸ ಬಿಜ್ಜಳನ ಭಂಡಾರಕ್ಕಿಂತ ಒಬ್ಬ ಬಡ ಶರಣನ ಸೆರಗಿನಲ್ಲಿದ್ದ ಒಂದಿಷ್ಟು ಅಕ್ಕಿ ಹೆಚ್ಚಿನ ಸ್ಥಾನವನ್ನು ಪಡೆದಿದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಕಾಳು ಆಯುವುದೇ ಅವರ ಕಾಯಕ. ಆ ಕಾಯಕದಿಂದಲೇ ಅವರಿಗೆ 'ಆಯ್ದಕ್ಕಿ' ಎಂಬ ವಿಶೇಷಣ ಬಂದಿತು. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ಸಾಲಿನಲ್ಲಿ ಮಾರಯ್ಯನ ಹೆಸರು ಮೊದಲಿಗೆ ನೆನಪಾಗುವುದು ಈ ಕಾರಣದಿಂದಲೇ.

ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಬಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯವನ್ನು ಮೀರಿದ ಬಯಕೆ ರಾಜ್ಯವಾಳುವವರಿಗೆ ಇರಬಹುದೇ ಹೊರತು ಶಿವಭಕ್ತರಿಗೆ ಸಲ್ಲದೆಂದು ಪತಿಗೆ ತಿಳಿಯಹೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. 'ಶೂನ್ಯಸಂಪಾದನೆ'ಯಲ್ಲಿ ಈ ದಂಪತಿಗಳಿಗಾಗಿಯೇ ಒಂದು ಪ್ರತ್ಯೇಕ ಭಾಗವು ಮೀಸಲಾಗಿದೆ. ಶರಣರ ಪರಂಪರೆ ಈ ಪ್ರಸಂಗವನ್ನು ಎಷ್ಟು ಮಹತ್ವದ್ದೆಂದು ಎಣಿಸಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಯಾರಿಗೂ ಬೇಡವಾಗಿ ನೆಲಕ್ಕೆ ಬಿದ್ದ ಅಕ್ಕಿಯದು. ಅದನ್ನು ಹೆಚ್ಚು ಆಯ್ದರೆ ಯಾರಿಗೆ ನಷ್ಟ? ಲಕ್ಕಮ್ಮನ ಮಾತಿನ ಆಳವು ಈ ಪ್ರಶ್ನೆಯಲ್ಲಿಯೇ ಅಡಗಿದೆ. ಬಿಸುಟ ವಸ್ತುವಿನ ಮೇಲೆ ಯಾರಿಗೆ ಎಷ್ಟು ಹಕ್ಕು? ಮಿಗತೆಯಾದದ್ದು ಯಾವಾಗ ಪ್ರಸಾದವಾಗುತ್ತದೆ, ಯಾವಾಗ ಸಂಗ್ರಹವಾಗುತ್ತದೆ?

ಆಯುವ ಕಾಯಕ, ಮುಟ್ಟದ ವ್ರತ

ಇದೇ ಪ್ರಶ್ನೆಗೆ ಶರಣೆ ಸತ್ಯಕ್ಕನ ನಿಲುವು ಮೇಲ್ನೋಟಕ್ಕೆ ಮಾರಯ್ಯನಿಗೆ ವಿರುದ್ಧವಾಗಿ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಹಿರೇಜಂಬೂರಿನ ಸತ್ಯಕ್ಕನು 'ಶಂಭುಜಕ್ಕೇಶ್ವರ' ಅಂಕಿತದಲ್ಲಿ ವಚನಗಳನ್ನು ರಚಿಸಿದಳು. ಶಿವಭಕ್ತರ ಅಂಗಳವನ್ನು ಗುಡಿಸುವುದು ಆಕೆಯ ಕಾಯಕ. ಹಾದಿಯಲ್ಲಿ ಹೊನ್ನಾಗಲಿ ಉಡುಗೆಯಾಗಲಿ ಬಿದ್ದಿದ್ದರೆ ಅದನ್ನು ಕೈಯಿಂದ ಮುಟ್ಟುವುದಿಲ್ಲವೆಂದು ಆಕೆ ತನ್ನ ದೇವರ ಮೇಲೆ ಆಣೆಯಿಟ್ಟು ನುಡಿದಿದ್ದಾಳೆ.

ಒಬ್ಬನು ಬಿದ್ದುದನ್ನು ಆಯ್ದು ಶರಣನಾದ; ಇನ್ನೊಬ್ಬಳು ಬಿದ್ದುದನ್ನು ಮುಟ್ಟದೆ ಶರಣೆಯಾದಳು. ಇವೆರಡರಲ್ಲಿ ವಿರೋಧವಿಲ್ಲ. ಹಾದಿಯಲ್ಲಿ ಬಿದ್ದ ಹೊನ್ನು ಕಳೆದುಹೋದ ವಸ್ತು. ಅದಕ್ಕೆ ಒಡೆಯನಿದ್ದಾನೆ, ಅವನು ಅದನ್ನು ಹುಡುಕುತ್ತಿದ್ದಾನೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯು ಬಿಟ್ಟುಹೋದ ವಸ್ತು. ಆಯುವವನ ಬೆನ್ನು ಬಾಗದಿದ್ದರೆ ಅದು ಮಣ್ಣುಪಾಲು. ಹೊನ್ನನ್ನು ಎತ್ತಿಕೊಳ್ಳುವುದಕ್ಕೆ ಶ್ರಮವಿಲ್ಲ, ಅಕ್ಕಿಯನ್ನು ಕಾಳುಕಾಳಾಗಿ ಆಯುವುದಕ್ಕೆ ಶ್ರಮವಿದೆ. ಹೀಗೆ ಒಂದು ವಸ್ತು ಪ್ರಸಾದವಾಗುವುದಕ್ಕೆ ಶರಣರು ಮೂರು ಕಟ್ಟಳೆಗಳನ್ನು ಕಂಡುಕೊಂಡರೆಂದು ತಿಳಿಯಬಹುದು. ಅದು ಪರರ ಸ್ವತ್ತಾಗಿರಬಾರದು ಎಂಬುದು ಸತ್ಯಕ್ಕನ ಕಟ್ಟಳೆ. ಅದರ ಮೇಲೆ ತನ್ನ ಶ್ರಮ ಬಿದ್ದಿರಬೇಕು ಎಂಬುದು ಮಾರಯ್ಯನ ಕಟ್ಟಳೆ. ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿರಬಾರದು ಎಂಬುದು ಲಕ್ಕಮ್ಮನ ಕಟ್ಟಳೆ.

ಈ ಮೂರು ಕಟ್ಟಳೆಗಳನ್ನು ಕೈಯಲ್ಲಿ ಹಿಡಿದು ಭಟ್ಕಳ, ಹೊನ್ನಾವರ, ಕುಮಟಾಗಳ ಚರಿತ್ರೆಯನ್ನು ನೋಡಿದರೆ ಅನೇಕ ಸಂಗತಿಗಳು ಹೊಸ ಅರ್ಥದಲ್ಲಿ ಕಾಣಿಸುತ್ತವೆ. ಕರಾವಳಿಯ ಜನರು ಇವನ್ನು ಶರಣರಿಂದಲೇ ಕಲಿತರೆಂದು ಹೇಳಬೇಕಾಗಿಲ್ಲ. ದುಡಿದು ಉಣ್ಣುವವರ ವಿವೇಕವು ಘಟ್ಟದ ಮೇಲೆಯೂ ಕೆಳಗೆಯೂ ಒಂದೇ. ಶರಣರು ಅದಕ್ಕೆ ಅನುಭಾವದ ಮಾತು ಕೊಟ್ಟರು.

ಘಟ್ಟದ ದಾರಿಯ ಮರಳು

ಉತ್ತರ ಕನ್ನಡ ಜಿಲ್ಲೆಗೂ ಶರಣ ಪರಂಪರೆಗೂ ಇರುವ ನಂಟು ಹಳೆಯದು. ಕಲ್ಯಾಣದಲ್ಲಿ ಕ್ರಾಂತಿಯಾದ ಬಳಿಕ ಚೆನ್ನಬಸವಣ್ಣನವರು ಶರಣಸಮೂಹದೊಡನೆ ಈ ಜಿಲ್ಲೆಯ ಕಾಡನ್ನು ಹೊಕ್ಕು, ಇಂದಿನ ಜೋಯಿಡಾ ತಾಲೂಕಿನ ಉಳವಿಯಲ್ಲಿ ಲಿಂಗೈಕ್ಯರಾದರು. ಮುಂದೆ ವೀರಶೈವ ಧರ್ಮವನ್ನು ಅನುಸರಿಸಿದ ಕೆಳದಿಯ ನಾಯಕರು ಘಟ್ಟದ ಮೇಲಿನಿಂದ ಕರಾವಳಿಯವರೆಗೆ ತಮ್ಮ ಆಳ್ವಿಕೆಯನ್ನು ಹಬ್ಬಿಸಿದರು. ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಗೇರುಸೊಪ್ಪೆ ಮತ್ತು ಭಟ್ಕಳದ ಸೀಮೆ ಅವರ ವಶವಾಯಿತು. 1650ರ ದಶಕದಲ್ಲಿ ಶಿವಪ್ಪ ನಾಯಕನು ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಗೆದ್ದುಕೊಂಡನು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಗೋವೆಯ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಯನ್ನು ತಲುಪಿ, ಘಟ್ಟವನ್ನು ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದನು. ಘಟ್ಟದ ದಾರಿಯ ದೇಗುಲವೊಂದರಲ್ಲಿ ಅವನು ಕಂಡ ದೃಶ್ಯವು ಭಾರತದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಾಲ್ವರು ಹುಡುಗರು ಲೆಕ್ಕದ ಪಾಠವನ್ನು ರಾಗವಾಗಿ ಹೇಳುತ್ತಾ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ನೆಲ ತುಂಬಿದೊಡನೆ ಅಳಿಸಿ, ಬೇಕೆನಿಸಿದರೆ ಪಕ್ಕದ ರಾಶಿಯಿಂದ ಹೊಸ ಮರಳನ್ನು ಹರಡುತ್ತಿದ್ದರು. ಕಾಗದ ವ್ಯರ್ಥವಾಗಬಾರದೆಂದೇ ಈ ಏರ್ಪಾಡೆಂದು ಅವನು ಬರೆದಿದ್ದಾನೆ. ಪರಸ್ಪರ ಹೇಳಿಕೊಡುತ್ತಾ ಕಲಿಯುವ ಆ ಮಕ್ಕಳ ವಿಧಾನವೂ ಅವನ ಮೆಚ್ಚುಗೆಗೆ ಪಾತ್ರವಾಯಿತು. ಒಂದು ಹಿಡಿ ಮರಳು ಎಷ್ಟು ತಲೆಮಾರಿನ ಮಕ್ಕಳಿಗೆ ಅಕ್ಷರವಾಯಿತೋ! ಬರೆದುದು ಮನಸ್ಸಿನಲ್ಲಿ ಉಳಿಯಿತು, ಬರೆದ ವಸ್ತು ಮುಂದಿನವನ ಪಾಲಿಗೆ ಹಾಗೆಯೇ ಉಳಿಯಿತು.

ಸಿಪ್ಪೆಯಿಂದ ಹಗ್ಗ

ಹೊನ್ನಾವರದ ಶರಾವತಿಯ ದಡದಲ್ಲಿಯೂ ಕುಮಟೆಯ ಅಘನಾಶಿನಿಯ ದಡದಲ್ಲಿಯೂ ತೆಂಗು ಬೆಳೆಯುತ್ತದೆ. ಕಾಯಿಯನ್ನು ಅಡುಗೆಗೂ ಎಣ್ಣೆಗೂ ತೆಗೆದುಕೊಂಡ ಮೇಲೆ ಸಿಪ್ಪೆ ಉಳಿಯುತ್ತದೆ. ಅದನ್ನು ಉಪ್ಪುನೀರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಬಳಿಕ ಬಡಿದು ನಾರು ತೆಗೆದು, ಹೊಸೆದು ಕತ್ತದ ಹಗ್ಗ ಮಾಡುವ ಕಸುಬು ಈ ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೊಳೆತ ಸಿಪ್ಪೆಯ ದುರ್ವಾಸನೆಯ ನಡುವೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮಾಡಬೇಕಾದ ಕೆಲಸವದು. ಅದರ ಹೆಚ್ಚಿನ ಪಾಲು ಹೆಂಗಸರ ಕೈಗೆ ಬರುತ್ತಿತ್ತು. ಪಶ್ಚಿಮ ಕರಾವಳಿಯಲ್ಲಿ ಮೊಳೆಯಿಲ್ಲದೆ ಹಲಗೆಗಳನ್ನು ಇದೇ ನಾರಿನ ಹುರಿಯಿಂದ ಹೊಲಿದು ದೋಣಿಗಳನ್ನು ಕಟ್ಟುತ್ತಿದ್ದರು. ತಿಪ್ಪೆಗೆ ಹೋಗಬೇಕಾದ ಸಿಪ್ಪೆಯೇ ಜನರನ್ನು ಹೊಳೆ ದಾಟಿಸಿತು. ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನು ಶರಣನೆಂದು ನಂಬಿದವರಿಗೆ ಈ ಮಾತು ವಿಶೇಷವಾಗಿ ತಟ್ಟಬೇಕು.

ನುಲಿಯ ಚಂದಯ್ಯನ ಕಥೆ ಇಲ್ಲಿ ತಾನಾಗಿ ನೆನಪಾಗುತ್ತದೆ. ಕೆರೆಯಂಚಿನಲ್ಲಿ ಯಾರೂ ಬೆಳೆಸದೆ ಬೆಳೆದ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾರಿ ಬಂದುದರಿಂದ ಆತನು ದಾಸೋಹ ನಡೆಸಿದನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಕಾಯಕ ನಿಲ್ಲಿಸಲಿಲ್ಲವೆಂದೂ, ಕೊನೆಗೆ ಲಿಂಗದೇವನೇ ಬಂದು ಆತನೊಡನೆ ಕಾಯಕದಲ್ಲಿ ತೊಡಗಿದನೆಂದೂ ಪರಂಪರೆ ಹೇಳುತ್ತದೆ. ಬೆಲೆಯಿಲ್ಲದ ಹುಲ್ಲಿಗೂ ಬೆಲೆಯುಳ್ಳ ಹಗ್ಗಕ್ಕೂ ನಡುವೆ ಇರುವುದು ಚಂದಯ್ಯನ ಎರಡು ಅಂಗೈಗಳು ಮಾತ್ರ.

ಅಡಿಕೆಯ ತೋಟದ ಹಾಳೆ ಟೊಪ್ಪಿಯಾಯಿತು, ಊಟದ ತಟ್ಟೆಯಾಯಿತು. ಸೊಪ್ಪಿನ ಬೆಟ್ಟದಲ್ಲಿ ಉದುರಿದ ತರಗೆಲೆಯು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಮರಳಿ ತೋಟಕ್ಕೆ ಹೋಯಿತು. ಗೊನೆ ಕಡಿದ ಬಾಳೆಯ ದಿಂಡಿನಿಂದ ತೆಗೆದ ನಾರು ಮಲ್ಲಿಗೆಯ ದಂಡೆಗೆ ದಾರವಾಯಿತು. ಒಬ್ಬರಿಗೆ ಕೊನೆಯಾದ ವಸ್ತುವು ಇನ್ನೊಬ್ಬರಿಗೆ ಮೊದಲಾಗುವ ಈ ಸರಪಳಿಯಲ್ಲಿ ಎಲ್ಲಿಯೂ 'ಕಸ' ಎಂಬ ಹೆಸರಿಗೆ ಸ್ಥಳವಿರಲಿಲ್ಲ.

ಉಪ್ಪು ಮತ್ತು ಅಕ್ಕಿ

ಒಂದು ಮನೆಯ ಮಿಗತೆಯು ಇನ್ನೊಂದು ಮನೆಗೆ ಹೋಗುವಂತೆ ಒಂದು ಸೀಮೆಯ ಮಿಗತೆಯು ಇನ್ನೊಂದು ಸೀಮೆಗೆ ಹೋಗುತ್ತಿತ್ತು. 16ನೆಯ ಶತಮಾನದ ಆರಂಭದಲ್ಲಿ ಭಟ್ಕಳವನ್ನು ಕುರಿತು ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ, ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಗೆ ಹೋಗುತ್ತಿದ್ದವೆಂದೂ, ಮಲಬಾರಿನ ಹಡಗುಗಳು ತೆಂಗಿನಕಾಯಿ, ಎಣ್ಣೆ, ಬೆಲ್ಲ ಮುಂತಾದವನ್ನು ತಂದಿಳಿಸಿ ಪ್ರತಿಯಾಗಿ ಅಕ್ಕಿ ಮತ್ತು ಕಬ್ಬಿಣವನ್ನು ಕೊಂಡೊಯ್ಯುತ್ತಿದ್ದವೆಂದೂ ತಿಳಿಸುತ್ತಾನೆ. ವಿಜಯನಗರಕ್ಕೆ ಕುದುರೆಗಳು ಇಳಿಯುತ್ತಿದ್ದ ಬಂದರೆಂದು ಭಟ್ಕಳವು ಖ್ಯಾತಿ ಪಡೆದಿದ್ದರೂ, ಜನಸಾಮಾನ್ಯರ ಹೊಟ್ಟೆಯನ್ನು ತುಂಬಿಸಿದ್ದು ಅಕ್ಕಿ ಕಾಯಿಗಳ ಈ ವಿನಿಮಯವೇ.

ಕುಮಟಾ ತಾಲೂಕಿನ ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಬ್ಬರದ ನೀರನ್ನು ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಸಮುದ್ರದ ದಡದಲ್ಲಿ ಉಪ್ಪು ಅಗ್ಗ. ಘಟ್ಟದ ಮೇಲೆ ಅದಿಲ್ಲದೆ ಗಂಜಿ ಇಳಿಯದು. ರಸ್ತೆಗಳಾಗುವ ಮೊದಲು ಹೇರೆತ್ತುಗಳ ಸಾಲು ಬಯಲುಸೀಮೆಯ ಧಾನ್ಯವನ್ನು ಹೊತ್ತು ಘಟ್ಟವಿಳಿದು, ಮರಳುವಾಗ ಉಪ್ಪು ತೆಂಗುಗಳನ್ನು ಹೊತ್ತು ಘಟ್ಟವೇರುತ್ತಿತ್ತು. ಎತ್ತು ಬರಿಬೆನ್ನಿನಲ್ಲಿ ಹಿಂದಿರುಗಿದರೆ ಆ ನಡೆ ವ್ಯರ್ಥ. ಎರಡು ಕಡೆಯ ಮಿಗತೆಗಳು ಒಂದರ ಬೆನ್ನಿಗೆ ಒಂದು ನಿಂತಾಗ ಮಾತ್ರ ಆ ದಾರಿ ಬದುಕುತ್ತಿತ್ತು.

ಈ ಕೊಡುಕೊಳ್ಳುವಿಕೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಉಪ್ಪು ಕೊಟ್ಟವನು ದಾನಿಯಲ್ಲ, ಅಕ್ಕಿ ಕೊಟ್ಟವನೂ ದಾನಿಯಲ್ಲ. ಇಬ್ಬರಿಗೂ ಕೊಡುವುದು ಇತ್ತು, ಇಬ್ಬರಿಗೂ ಬೇಡುವುದು ಇತ್ತು. ಗದ್ದೆಯ ಕೆಲಸದಲ್ಲಿ ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು ಎಂದು ದುಡಿಮೆಯನ್ನೇ ಬದಲಿಸಿಕೊಳ್ಳುತ್ತಿದ್ದ ಮುಯ್ಯಾಳಿನ ಪದ್ಧತಿಯಲ್ಲಿಯೂ ಇದೇ ಸಮಾನತೆ. ಯಾರ ಕೈಯೂ ಮೇಲಲ್ಲ, ಯಾರ ಕೈಯೂ ಕೆಳಗಲ್ಲ.

ಗಜನಿಯ ಪಾಠ

ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಅಲ್ಲಿ ಬೆಳೆಯುವ ಭತ್ತ 'ಕಗ್ಗ'. ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಈ ತಳಿಯನ್ನು ಮಳೆಗಾಲದಲ್ಲಿ ಬಿತ್ತಿ, ಮಳೆ ಹಿಂದೆ ಸರಿದ ಮೇಲೆ ಕೊಯ್ಯುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ತೆಗೆದುಕೊಂಡು ಹುಲ್ಲನ್ನು ನೀರಿನಲ್ಲಿಯೇ ಬಿಡುವುದು ಅಲ್ಲಿನ ರೂಢಿ. ಆ ಹುಲ್ಲು ಕೊಳೆತು ಮೀನು ಸೀಗಡಿಗಳಿಗೆ ಆಹಾರವೂ ಆಸರೆಯೂ ಆಗುತ್ತದೆ. ಅವುಗಳ ಕಸವು ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಭತ್ತದವನು ಬಿಟ್ಟುದು ನೀರಿನ ಜೀವಿಗಳಿಗೆ, ಅವು ಬಿಟ್ಟುದು ಮರಳಿ ಭತ್ತದವನಿಗೆ. ಇಡೀ ಗಜನಿಯನ್ನು ಕಾಯುವ ಒಡ್ಡು ಒಂದೇ ಆದುದರಿಂದ ಅದರ ದುರಸ್ತಿಯೂ ಎಲ್ಲರ ಹೊಣೆ. ಒಬ್ಬನ ಪಾಲಿನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು.

1970ರ ದಶಕದ ಬಳಿಕ ಸೀಗಡಿಗೆ ಹೊರದೇಶಗಳಿಂದ ಬೇಡಿಕೆ ಹೆಚ್ಚಿತು. ಭತ್ತದ ಜೊತೆಗೆ ಬರುತ್ತಿದ್ದ ಸೀಗಡಿಯೇ ಮುಖ್ಯವಾಗಿ, ಭತ್ತವು ಅಡ್ಡಿಯೆನಿಸಿತು. ಅನೇಕ ಗಜನಿಗಳು ಸೀಗಡಿ ಸಾಕಣೆಗೆ ಗುತ್ತಿಗೆ ಹೋದವು. ಉಪ್ಪುನೀರು ವರ್ಷವಿಡೀ ನಿಂತಿತು. ಕಗ್ಗದ ಗದ್ದೆಗಳು ಕಿರಿದಾದವು. 1990ರ ದಶಕದ ಮಧ್ಯದಲ್ಲಿ ಭಾರತದ ಕರಾವಳಿಯುದ್ದಕ್ಕೂ ಬಿಳಿಚುಕ್ಕೆ ರೋಗವು ಹರಡಿದಾಗ ಸೀಗಡಿಯೂ ಕೈಕೊಟ್ಟಿತು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಬಂದ ಮಾರಯ್ಯನನ್ನು ಲಕ್ಕಮ್ಮನು ಏಕೆ ತಡೆದಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕಿಲ್ಲ. ಹೆಚ್ಚಿನ ಬಯಕೆ ಇತರರ ಪಾಲನ್ನು ಕಸಿಯುತ್ತದೆ. ಅಲ್ಲಿಗೆ ನಿಲ್ಲದೆ ಬಯಸಿದವನ ನಾಳಿನ ಪಾಲನ್ನೂ ಕಸಿಯುತ್ತದೆ.

ಸಂತೋಷದ ಸಂಗತಿಯೆಂದರೆ, ಮರಳಿ ಸುರಿಯುವ ವಿವೇಕವೂ ಅಲ್ಲಿಯೇ ಉಳಿದಿದೆ. ಕುಮಟಾ ತಾಲೂಕಿನ ಮಾಣಿಕಟ್ಟಾದ ರೈತರು ಸಂಘ ಕಟ್ಟಿಕೊಂಡು ಕಗ್ಗವನ್ನು ಸಾಮೂಹಿಕವಾಗಿ ಬಿತ್ತುವ ಪ್ರಯತ್ನ ನಡೆಸಿದ್ದಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು.

ಹಳೆಯ ಸೀರೆಯ ಹೊಸ ಬಾಳು

ಕುಮಟಾ ಎಂಬ ಹೆಸರು 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿಗಳವರೆಗೂ ಹೋಗಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ, ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ 'ಕುಮಟಾ ಹತ್ತಿ' ಎಂದೇ ಹೆಸರು ನಿಂತಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಈ ವ್ಯಾಪಾರ ಉಕ್ಕಿತು. 1880ರ ದಶಕದ ಕೊನೆಗೆ ಮರ್ಮಗೋವಾ ಬಂದರಿಗೆ ರೈಲು ಬಂದ ಬಳಿಕ ಅದು ಇಳಿದುಹೋಯಿತು. ಬಂದರಿನ ವೈಭವ ಹೋಯಿತು. ಆದರೆ ಹತ್ತಿಯ ಬಟ್ಟೆಯನ್ನು ಕೊನೆಯ ಎಳೆಯವರೆಗೂ ಬಳಸುವ ಮನೆಯ ವಿದ್ಯೆ ಉಳಿಯಿತು.

ಆ ವಿದ್ಯೆಯೇ ಕೌದಿ. ಹರಿದ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆಯಲ್ಲಿ ಒಂದು ಮನೆತನದ ಮೂರು ತಲೆಮಾರು ಒಟ್ಟಿಗೆ ಮಲಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ಮುಕ್ಕೋನದ ತುಂಡುಗಳಿರುತ್ತವೆ. ಅವುಗಳಿಗೆ ಹೂವೆಂದು ಹೆಸರು. ಅವಿಲ್ಲದ ಕೌದಿ ಅಪೂರ್ಣವೆಂದು ಅವರ ಭಾವನೆ. ಹರಿದ ಬಟ್ಟೆಯಿಂದ ಮಾಡಿದ್ದಕ್ಕೂ ಹೂವಿಡಬೇಕೆಂಬ ಆ ಮನಸ್ಸು ದೊಡ್ಡದು. 2004ರಲ್ಲಿ ಈ ಮಹಿಳೆಯರ ಸಹಕಾರಿ ಸಂಘವೂ ರೂಪುಗೊಂಡು, ಅವರ ಕೌದಿಗಳು ದೇಶವಿದೇಶಗಳಲ್ಲಿ ಹೆಸರು ಪಡೆದವು.

ದಾನವಲ್ಲ, ದಾಸೋಹ

ಇಂದು ಮನೆಗಳಲ್ಲಿ ಬಟ್ಟೆ, ಪಾತ್ರೆ, ಪುಸ್ತಕ, ಆಟಿಕೆಗಳು ಹರಿಯುವ ಮೊದಲೇ ಬೇಡವಾಗುತ್ತಿವೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ನಡೆಸಿದ ಅಭಿಯಾನದಲ್ಲಿ, ಬಳಸಿದ ಬಟ್ಟೆ, ಪಾದರಕ್ಷೆ, ಪುಸ್ತಕ, ಪ್ಲಾಸ್ಟಿಕ್ ವಸ್ತುಗಳನ್ನು ಜನರು ತಂದೊಪ್ಪಿಸಲು ಕೇಂದ್ರಗಳನ್ನು ತೆರೆಯುವಂತೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ ಸೂಚನೆ ಹೋಯಿತು. ಇಂತಹ ಕೆಲಸ ಅಗತ್ಯವೇ. ಆದರೆ ಇಲ್ಲಿ ಭಕ್ತನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮನೆಯ ಮೂಲೆಯನ್ನು ಖಾಲಿ ಮಾಡುವುದಕ್ಕಾಗಿ ಗುಂಡಿ ಹರಿದ, ತೊಳೆಯದ ಅಂಗಿಯನ್ನು ಗಂಟುಕಟ್ಟಿ ಕೊಡುವುದು ದಾಸೋಹವೇ?

ಶರಣರು ದಾನಕ್ಕೂ ದಾಸೋಹಕ್ಕೂ ಅಂತರ ಕಂಡರು. ದಾನದಲ್ಲಿ ಕೊಡುವವನ ಅಹಂಕಾರ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸ. ಮಾರಯ್ಯನು ನೆಲದ ಅಕ್ಕಿಯನ್ನು ಹಾಗೆಯೇ ಜಂಗಮನ ಮುಂದೆ ಸುರಿಯಲಿಲ್ಲ. ಆಯ್ದು ತಂದನು, ಲಕ್ಕಮ್ಮನು ಹಸನುಗೊಳಿಸಿ ಅಟ್ಟಳು, ಬಳಿಕ ಲಿಂಗಕ್ಕೂ ಜಂಗಮಕ್ಕೂ ಅರ್ಪಿತವಾಯಿತು. ಬಿದ್ದ ಕಾಳು ಪ್ರಸಾದವಾದುದು ಆ ನಡುವಿನ ಶ್ರಮದಿಂದ. ಹಾಗೆಯೇ ಹಳೆಯ ಬಟ್ಟೆಯನ್ನು ಒಗೆದು, ಹರಿದುದನ್ನು ಹೊಲಿದು, ಗುಂಡಿ ಹಾಕಿ, ತಾನೇ ತೊಡಲು ಯೋಗ್ಯವಾಗಿಸಿ ಕೊಟ್ಟಾಗ ಮಾತ್ರ ಅದು ಅರ್ಪಣೆ. ಇಲ್ಲವಾದರೆ ಕಸವನ್ನು ಬಡವನ ಅಂಗಳಕ್ಕೆ ಸಾಗಿಸಿದಂತೆ.

ಪಡೆಯುವವನ ಗೌರವವೂ ಅಷ್ಟೇ ಮುಖ್ಯ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ 'ಗೂಂಜ್' ಸಂಸ್ಥೆಯು ನಗರಗಳ ಮಿಗತೆಯ ಬಟ್ಟೆಯನ್ನು ಹಳ್ಳಿಗಳಿಗೆ ಒಯ್ಯುತ್ತದೆ. ಆದರೆ ಸುಮ್ಮನೆ ಹಂಚುವುದಿಲ್ಲ. ಊರವರು ತಮಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ಸೇರಿ ದುರಸ್ತಿ ಮಾಡುತ್ತಾರೆ, ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆ ಪಡೆಯುತ್ತಾರೆ. ಈ ಕಾರ್ಯಕ್ಕಾಗಿ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಹೆಸರು ಬೇರೆಯಾದರೂ ಇದು ಕಾಯಕದ ತತ್ತ್ವವೇ. ಬೇಡಿ ಪಡೆದುದಲ್ಲ, ದುಡಿದು ಪಡೆದುದು ಎಂಬ ಭಾವವಿದ್ದಾಗ ಹಳೆಯ ಬಟ್ಟೆಯೂ ಮೈಗೆ ಭಾರವೆನಿಸುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಸಮೀಪ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಗೋಮಯದಿಂದ ವಿಭೂತಿಯನ್ನು ತಯಾರಿಸುತ್ತಾರೆ. ಕೊಟ್ಟಿಗೆಯ ಸಗಣಿಯನ್ನು ಶುದ್ಧವಾಗಿ ಸಂಗ್ರಹಿಸಿ, ಒಣಗಿಸಿ, ಸುಟ್ಟು, ಸೋಸಿ, ಉಂಡೆಗಟ್ಟಿದಾಗ ಅದು ಭಕ್ತನ ಹಣೆಗೇರುತ್ತದೆ. ಪ್ರತಿದಿನ ವಿಭೂತಿಯನ್ನು ಧರಿಸುವ ಲಿಂಗವಂತನು ಒಂದು ಅರಿವನ್ನೂ ಧರಿಸುತ್ತಾನೆ: ಯಾವ ವಸ್ತುವೂ ಹುಟ್ಟಿನಿಂದ ಹೀನವಲ್ಲ, ಶ್ರಮ ಮತ್ತು ಭಕ್ತಿ ಸೋಕಿದಲ್ಲಿ ಅದು ಪವಿತ್ರ. ವಸ್ತುವಿಗೆ ಸಲ್ಲುವ ಈ ಮಾತನ್ನು ಮನುಷ್ಯನಿಗೂ ಅನ್ವಯಿಸಿದುದರಿಂದಲೇ ಕಲ್ಯಾಣದ ಶರಣರು ದೊಡ್ಡವರಾದರು. ಸಮಾಜವು ಹೊರಗಿಟ್ಟವರನ್ನು ಅವರು ಒಳಗೆ ಕರೆದರು, ಕಾಯಕವಿತ್ತರು, ಸಮಾನ ಪಂಕ್ತಿಯಲ್ಲಿ ಕೂರಿಸಿದರು.

ಪರರದನ್ನು ಮುಟ್ಟದ ಸತ್ಯಕ್ಕ, ಬಿದ್ದುದನ್ನು ವ್ಯರ್ಥವಾಗಲು ಬಿಡದ ಮಾರಯ್ಯ, ಹೆಚ್ಚಾದುದನ್ನು ಮರಳಿ ಸುರಿಸಿದ ಲಕ್ಕಮ್ಮ. ಕೊಡುವ ಗಂಟನ್ನು ಕಟ್ಟುವಾಗಲೂ, ಕೊಳ್ಳುವ ಚೀಲವನ್ನು ತುಂಬುವಾಗಲೂ ಈ ಮೂವರು ಶರಣರು ಭಕ್ತರ ನೆನಪಿನಲ್ಲಿರಲಿ.